ವೈಜಯಂತಿಯ ಆಕಾಶ ದೋಣಿ

ಅಂಕೋಲೆಯ ಮೀನುಪೇಟೆಯಲ್ಲಿ ವೈಜಯಂತಿಯ ಜೊತೆ ಚೌಕಾಶಿಗೆ ಇಳಿದು ಗೆದ್ದವರು ಯಾರಾದರೂ ಇದ್ದರೆ ಅವರು ಆ ಕತೆಯನ್ನು ಬೇರೆ ತಾಲೂಕಿಗೆ ಹೋಗಿ ಹೇಳಿಕೊಳ್ಳಬೇಕು, ಇಲ್ಲಿ ನಂಬುವವರಿಲ್ಲ. ಬಾಂಗಡೆ ಬುಟ್ಟಿ ಮುಂದಿಟ್ಟುಕೊಂಡು ಅವಳು ಕೂತಳೆಂದರೆ ದೊಡ್ಡ ದೊಡ್ಡ ಸಾಹೇಬರೂ ಮೆತ್ತಗೆ ದರ ಕೇಳುತ್ತಿದ್ದರು. ಯಾರಾದರೂ ಮೀನನ್ನು ಎತ್ತಿ, ಒತ್ತಿ, ಮೂಸಿ, ಮತ್ತೆ ಬುಟ್ಟಿಗೇ ಹಾಕಿದರೆ, “ಬೇಡಾದ್ರೆ ಬಿಡಿ, ಸುಮ್ನೆ ಮುಟ್ಟಿ ಮುಟ್ಟಿ ಅದ್ಕೆ ನಾಚ್ಕೆ ಬರ್ಸಬೇಡಿ” ಎನ್ನುತ್ತಿದ್ದಳು. ಓದಿದ್ದು ನಾಲ್ಕನೆಯ ಇಯತ್ತೆ. ಗಂಡ ಕುಪ್ಪ ಕಾರವಾರದ ಟ್ರಾಲರಿನಲ್ಲಿ ದುಡಿಯುವವನು, ವಾರಗಟ್ಟಲೆ ಸಮುದ್ರದ ಮೇಲೆ. ಮಗಳು ಮಾನಸಾ ಹೈಸ್ಕೂಲಿನಲ್ಲಿ. ಮನೆ ಸಮುದ್ರದ ಪಕ್ಕದ ಕೇರಿಯಲ್ಲಿ. ಇಂಥ ಹೆಂಗಸು ಆಕಾಶದಲ್ಲಿ ಯುದ್ಧ ಮಾಡುವ ಇಂಗ್ಲಿಷ್ ಸಿನಿಮಾದ ಹುಚ್ಚಿಗೆ ಬಿದ್ದಿದ್ದಳು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಮುಂದೆ ನನಗೆ ಮಾತಿನ ಮಧ್ಯೆ ನಗು ಬೇಡ.

ಹುಚ್ಚು ಹಿಡಿಸಿದವನು ಅವಳ ತಮ್ಮ ಕಿಶನ. ಕಾರವಾರದಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಎರಡು ಸಾವಿರದ ಎರಡರ ಮಳೆಗಾಲದಲ್ಲಿ, ದೋಣಿಗಳೆಲ್ಲ ದಡಕ್ಕೆ ಬಂದು ಕೆಲಸವಿಲ್ಲದ ದಿನಗಳಲ್ಲಿ, ಒಂದು ವಿಸಿಡಿ ಪ್ಲೇಯರನ್ನೂ ಪ್ಲಾಸ್ಟಿಕ್ ಚೀಲದ ತುಂಬ ಡಿಸ್ಕುಗಳನ್ನೂ ಹಿಡಿದುಕೊಂಡು ಅಕ್ಕನ ಮನೆಗೆ ಬಂದ. ಆ ಚೀಲದಲ್ಲಿ ಹಿಂದಿಗೆ ಡಬ್ ಆದ ಮೂರು ಸಿನಿಮಾಗಳಿದ್ದವು. ಅವುಗಳ ಸರಿಯಾದ ಹೆಸರು ಕೇರಿಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ, ಎಲ್ಲರಿಗೂ ಅದು ಏಳು ಸೂರ್ಯರ ಸಿನಿಮಾ. ಮುಖವೇ ಕಾಣದ ಒಬ್ಬ ಚಕ್ರವರ್ತಿ ಒಂದೊಂದೇ ಸೂರ್ಯನನ್ನು ಹಿಡಿದು ಬೀಗ ಹಾಕುತ್ತಾ ಬರುತ್ತಾನೆ. ಅವನಿಗೆ ಎದುರು ನಿಲ್ಲುವವಳು ತೀವಾ. ರಾಣಿಯಲ್ಲ, ಅಪ್ಸರೆಯಲ್ಲ, ಚಂದ್ರನಿಂದ ಚಂದ್ರನಿಗೆ ಉಪ್ಪು ಸಾಗಿಸುವ ಒಂಟಿಗಣ್ಣಿನ ವ್ಯಾಪಾರದವಳು. ತೀವಾ ಮೊದಲ ದೃಶ್ಯದಲ್ಲೇ ಉಪ್ಪಿನ ದರಕ್ಕೆ ಜಗಳ ಶುರುಮಾಡಿದಾಗ ಸಿಗಡಿ ಸುಲಿಯುತ್ತಾ ಕೂತಿದ್ದ ವೈಜಯಂತಿ ಕೈ ನಿಲ್ಲಿಸಿದಳು.

“ಇವ್ಳು ಪಕ್ಕಾ ಪೇಟೆಯವ್ಳು” ಎಂದಳು. ಆಮೇಲೆ ಸಿಗಡಿಯನ್ನು ಬೆಕ್ಕು ತಿಂದಿತು, ಅವಳಿಗೆ ಗೊತ್ತಾಗಲಿಲ್ಲ.

ತೀವಾಳ ಹಡಗು ನೋಡಿ ಅವಳಿಗೆ ಒಂದು ಪ್ರಶ್ನೆ ಹುಟ್ಟಿತು. ಅಲ್ಲಲ್ಲಿ ತಗ್ಗು, ತೇಪೆ, ಬಣ್ಣ ಕಿತ್ತ ಬಾಗಿಲು. “ಅಷ್ಟು ದುಡ್ಡು ಹಾಕಿ ಸಿನಿಮಾ ಮಾಡ್ದವ್ರು ಹೊಸಾ ಹಡಗು ಮಾಡ್ಬಹುದಿತ್ತಲ, ಇದೆಂತ ಗುಜರಿ?”

“ಹೊಸದು ಮಾಡಿದ್ರೆ ಯಾರೂ ನಂಬೂದಿಲ್ಲ ಅಕ್ಕಾ” ಎಂದ ಕಿಶನ. “ಸಮುದ್ರಕ್ಕೆ ಹೋದ ದೋಣಿ ಹೊಸದಾಗೇ ಉಳೀತದ್ಯೇ?”

ಈ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ ಆ ರಾತ್ರಿ ಮೀನಿಗೆ ಉಪ್ಪು ಹಾಕುವುದೇ ಮರೆತಳು. ಅಲ್ಲಿಂದ ಮುಂದೆ ಸಿನಿಮಾ ಅವಳ ಸಂಸಾರದೊಳಗೆ ಬಂದು ಕೂತಿತು. ಒಮ್ಮೆ ಕುಪ್ಪನ ಟ್ರಾಲರ್ ಕೆಟ್ಟು ನಿಂತು ಅವನು ಜಗಲಿಯಲ್ಲಿ ತಲೆಮೇಲೆ ಕೈಹೊತ್ತು ಕೂತಾಗ, ಎರಡನೆಯ ಭಾಗದಲ್ಲಿ ಹಡಗು ಕಳೆದುಕೊಂಡ ತೀವಾ ಮರುದಿನವೇ ಬೇರೆಯವರ ಹಡಗಿನಲ್ಲಿ ಹೊರೆ ಹೊರಲು ಹೋದ ಕತೆಯನ್ನು ಅವನಿಗೆ ವಿವರವಾಗಿ ಹೇಳಿದಳು.

“ಅದು ಸಿನಿಮಾ ಮಾರಾಯ್ತಿ” ಎಂದ ಕುಪ್ಪ.

“ಸಿನಿಮಾದವ್ರು ಕೂತ್ರೆ ಸಿನಿಮಾ ನಿಲ್ತದೆ ಅಷ್ಟೆ. ನೀವು ಕೂತ್ರೆ ಒಲೆ ಆರ್ತದೆ.” ಕುಪ್ಪ ಅದೇ ವಾರ ಇನ್ನೊಬ್ಬರ ದೋಣಿ ಹತ್ತಿದ.

ಇಂಥ ಹುಚ್ಚಿಗೆ ಜೊತೆಯೂ ಸಿಗುತ್ತದೆ. ಅಗಸೂರಿನ ವಿಕಾಸ ಅಂಕೋಲೆಯ ಒಂದು ಸೊಸೈಟಿಯಲ್ಲಿ ಗುಮಾಸ್ತ, ಇನ್ನೂ ಮದುವೆಯಾಗದವನು. ಏಳು ಸೂರ್ಯರ ಸಿನಿಮಾ ಎಂದರೆ ಅವನಿಗೆ ವೇದ. ಸೈಬರ್ ಸೆಂಟರಿನಲ್ಲಿ ಕೂತು ಅದರ ಬಗ್ಗೆ ಓದಿ ಓದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದ. ಒಂದು ಭಾನುವಾರ ಮೀನಿಗೆ ಬಂದವನಿಗೆ ಅವಳು ಪಕ್ಕದವಳ ಹತ್ತಿರ ತೀವಾಳ ಸುದ್ದಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಅಲ್ಲಿಂದ ಪ್ರತಿ ಭಾನುವಾರ ಇಬ್ಬರಿಗೂ ವಾದ. ನಾಲ್ಕನೆಯ ಭಾಗ ಹೊಸದಾಗಿ ಬಂದಾಗ ವಿಕಾಸ ಗೋವೆಗೆ ಹೋಗಿ ನೋಡಿಬಂದು ಹೊಗಳಿದ್ದೇ ಹೊಗಳಿದ್ದು. ವೈಜಯಂತಿ ಅದರ ಡಿಸ್ಕ್ ನೋಡಿ ಮುಖ ಸಿಂಡರಿಸಿದಳು. ಎಲ್ಲವೂ ಕಂಪ್ಯೂಟರಿನಲ್ಲಿ ಮಾಡಿದ್ದು, ಎಲ್ಲವೂ ಫಳಫಳ. “ಎಲ್ಲಾ ತೊಳ್ದಿಟ್ಟ ಪಾತ್ರೆ ಕಂಡ ಹಾಗೆ ಅದೆ. ಅಡುಗೆ ಎಲ್ಲಿ?” ಎಂದು ಕೇಳಿದಳು. ವಿಕಾಸನಿಗೆ ಸಿಟ್ಟು ಬಂದು ಆ ದಿನ ಮೀನು ಬಿಟ್ಟು ತರಕಾರಿ ಒಯ್ದ.

ಈಗ ಹಗರಣದ ವಿಷಯಕ್ಕೆ ಬರೋಣ. ಪತ್ರಿಕೆಯಲ್ಲಿ ಬರುವ ಹಗರಣವಲ್ಲ. ನಮ್ಮ ಕಡೆ ಹೋಳಿ ಹುಣ್ಣಿಮೆಯ ದಿನಗಳಲ್ಲಿ ಕೇರಿ ಕೇರಿಯವರು ಸೋಗು ಹಾಕಿಕೊಂಡು ಮೆರವಣಿಗೆ ಬರುವುದಕ್ಕೆ ಹಗರಣ ಎನ್ನುತ್ತಾರೆ. ಕರಡಿ, ಡಾಕ್ಟರು, ಪೊಲೀಸು, ಬಸ್ಸು, ಮದುಮಗಳು, ಏನು ಬೇಕಾದರೂ ಬರಬಹುದು. ಅಂಕೋಲೆಯಲ್ಲಿ ಎಲ್ಲ ಕೇರಿಗಳೂ ಒಂದೇ ಮೈದಾನಕ್ಕೆ ಬರಬೇಕು. ಮೈದಾನದ ಬಾಯಲ್ಲಿ ಯಜಮಾನ ನಿಂತು ಕೇರಿಯ ಹೆಸರನ್ನೂ ಮುಖ್ಯ ಸೋಗಿನವನ ಹೆಸರನ್ನೂ ಎತ್ತರದ ದನಿಯಲ್ಲಿ ಕೂಗುತ್ತಾನೆ, ಗುಮಟೆ ಬಾರಿಸುತ್ತಾರೆ, ಸೋಗು ಒಳಗೆ ಹೋಗುತ್ತದೆ. ಹೀಗೆ ಕೂಗಿಸಿಕೊಳ್ಳುವ ಹಕ್ಕಿಗೆ ಪಾಳಿ ಎಂದು ಹೆಸರು. ಸತತ ಮೂರು ವರ್ಷ ಬಾರದ ಕೇರಿಯ ಪಾಳಿ ಹೋಯಿತು, ಮತ್ತೆ ಸಿಗುವುದಿಲ್ಲ. ವೈಜಯಂತಿಯ ಕೇರಿಯವರು ಒಂದು ವರ್ಷ ಸೂತಕವೆಂದು ಬಿಟ್ಟಿದ್ದರು, ಮರುವರ್ಷ ಗಂಡಸರೆಲ್ಲ ಸಮುದ್ರದಲ್ಲಿದ್ದಾರೆಂದು ಬಿಟ್ಟಿದ್ದರು. ಎರಡು ಸಾವಿರದ ಆರರ ಹೋಳಿ ಮೂರನೆಯದು.

ಕೇರಿಯ ಹಿರಿಯ ಜಟ್ಟು ಅಜ್ಜ ಎಲ್ಲರನ್ನೂ ಸೇರಿಸಿದ. ಟ್ರಾಲರಿನವರಿಗೆ ರಜೆ ಇಲ್ಲ, ಹುಡುಗರಿಗೆ ಪರೀಕ್ಷೆ, ಮುದುಕರಿಗೆ ಮಂಡಿನೋವು. “ಹೋದ್ರೆ ಹೋಯ್ತು, ಪಾಳಿ ಎಂತ ಹೊಟ್ಟೆಗೆ ಹಾಕ್ತದ್ಯೇ” ಎಂದು ಯಾರೋ ಅಂದರು. ಹೆಂಗಸರು ಹಿಂದೆ ಕೂತಿದ್ದರು. ಆ ಮಾತು ಕೇಳಿದ್ದೇ ವೈಜಯಂತಿ ಸಿಟ್ಟಿಗೆದ್ದಳು.

ಅದಕ್ಕೆ ಕಾರಣವಿದೆ. ಅವಳ ತವರು ಕಾರವಾರದ ಕೆಳಗಿನ ದಂಡೆಯ ಊರು. ನೌಕಾಪಡೆಯ ಯೋಜನೆಗೆ ಊರು ಹೋಯಿತು, ಅವಳ ಅಪ್ಪನ ಮನೆಯವರು ತೋಡೂರಿನ ಹೊಸ ಕಾಲೊನಿಗೆ ಬಂದರು. ಅಪ್ಪ ಹುಲಿಯಾ ಆ ಊರಿನ ಹಗರಣದಲ್ಲಿ ಹುಲಿಯ ಸೋಗಿನವನು. ಹೊಸ ಮನೆಗೆ ಬಂದ ವರ್ಷ ಎಲ್ಲರೂ ಬರುವ ವರ್ಷ ನೋಡೋಣ ಅಂದರು, ಬರುವ ವರ್ಷವೂ ಅದನ್ನೇ ಅಂದರು. ಫಾಲ್ಗುಣ ಬಂದಾಗಲೆಲ್ಲ ಅಪ್ಪ ಹುಲಿಯ ಮುಖವಾಡವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಹಗ್ಗ ಬಿಗಿ ಇದೆಯೇ ಎಂದು ಎಳೆದು ನೋಡಿ, ಮತ್ತೆ ಅಟ್ಟಕ್ಕೆ ಇಡುತ್ತಿದ್ದ. ಸಾಯುವವರೆಗೂ ಹಾಗೇ ಮಾಡಿದ. ಆ ಊರನ್ನು ತೆಗೆದುಕೊಂಡವರಿಗೆ ಒಂದು ಕಾರಣವಾದರೂ ಇತ್ತು, ಇಲ್ಲಿ ಇವರು ಯಾರೂ ಕೇಳದೆಯೇ ಬಿಟ್ಟುಕೊಡಲು ಹೊರಟಿದ್ದಾರಲ್ಲ ಎಂದು ಅವಳಿಗೆ ತಡೆಯದ ಸಂಕಟವಾಯಿತು.

“ನಾ ಮಾಡ್ತೆ” ಎಂದು ಎದ್ದು ನಿಂತಳು.

ಜಟ್ಟು ಅಜ್ಜ ಎಲೆ ಅಡಿಕೆ ಜಗಿಯುವುದು ನಿಲ್ಲಿಸಿದ. “ಹೆಂಗಸ್ರು ಸೋಗು ಹಾಕೂದುಂಟೇ ತಂಗೀ?”

“ಗಂಡಸ್ರು ನನ್ನ ಸೀರೆನೇ ಎರವಲು ತಕ್ಕೊಂಡು ಉಟ್ಟು ಮದ್ಮಗಳಾಗಿ ಕುಣಿದ್ರೆ ನಡೀತದೆ, ನಾ ಒಂದು ಪ್ಯಾಂಟು ಹಾಕಿದ್ರೆ ನಡ್ಯೂದಿಲ್ವೇ ಅಜ್ಜಾ?”

ಹೆಂಗಸರ ಸಾಲಿನಲ್ಲಿ ಕಿಸಕ್ಕನೆ ನಗು ಎದ್ದಿತು. ಅಜ್ಜನಿಗೆ ಮೈದಾನದ ಯಜಮಾನ ಮಾದೇವಣ್ಣನ ಹೆದರಿಕೆ ಇತ್ತು. ಆ ಮನುಷ್ಯ ಪದ್ಧತಿ ಎಂದರೆ ಕೂದಲು ಸೀಳುವವನು. ಕೊನೆಗೆ ಅಜ್ಜ ಒಂದು ದಾರಿ ತೆಗೆದ. ಅವಳು ಮುಖ ಮುಚ್ಚಿಕೊಂಡು ಬರಬೇಕು, ಬಾಯಿ ಬಿಡಬಾರದು, ಗಂಡ ಸಮುದ್ರದಲ್ಲಿರುವುದರಿಂದ ಮೈದಾನದಲ್ಲಿ ಕೂಗುವ ಹೆಸರು ಅವಳ ತಮ್ಮ ಕಿಶನನದು. ಪಾಳಿಯೂ ಉಳಿಯಿತು, ಪದ್ಧತಿಯೂ ಉಳಿಯಿತು. ವೈಜಯಂತಿ ಪಾಳಿ ಉಳಿದರೆ ಸಾಕು ಎಂದುಕೊಂಡು ಒಪ್ಪಿದಳು.

ಸೋಗು ಯಾವುದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ತೀವಾ, ಮತ್ತು ತೀವಾಳ ಹಡಗು. ದಂಡೆಯ ಮೇಲೆ ಮಗುಚಿ ಬಿದ್ದಿದ್ದ ಒಂದು ಹಳೆಯ ಪಾತಿದೋಣಿಯನ್ನು ಹೆಂಗಸರು ಮೀನಿನ ತಳ್ಳುಗಾಡಿಯ ಮೇಲೆ ಏರಿಸಿದರು. ಐಸ್ ಪೆಟ್ಟಿಗೆಯ ಥರ್ಮೋಕೋಲ್ ಮುಚ್ಚಳಗಳು ರೆಕ್ಕೆಯಾದವು. ನೀಲಿ ಡ್ರಮ್ಮುಗಳು ಎಂಜಿನ್, ಕೆಟ್ಟ ಟೇಬಲ್ ಫ್ಯಾನು ಅದರ ಬಾಲ. ಮಾನಸಾ ಮತ್ತವಳ ಗೆಳತಿಯರು ಹರಿದ ಬಲೆಯ ತೇಲುಬುಂಡೆಗಳನ್ನು ಅಂಟಿಸಿ ಅಂಟಿಸಿ ಬೆರಳ ತುಂಬ ಫೆವಿಕಾಲ್ ಮಾಡಿಕೊಂಡರು. ಕಿಶನ ಗ್ಯಾರೇಜಿನ ಕರಿ ಎಣ್ಣೆ ತಂದುಕೊಟ್ಟ. ಅದನ್ನು ಹೊಸ ಬಣ್ಣದ ಮೇಲೆ ಬಳಿದು, ತೆಂಗಿನ ನಾರಿನಿಂದ ತಿಕ್ಕಿ, ಅಲ್ಲಲ್ಲಿ ಕಲ್ಲಿನಿಂದ ಕುಟ್ಟಿ ಹಾಳುಮಾಡಿದಳು ವೈಜಯಂತಿ. ನೋಡಿದ ಮುದುಕಿಯೊಬ್ಬಳು, ಬಣ್ಣ ಹಚ್ಚಿದ್ದು ಯಾಕೆ, ಕೆಡಿಸಿದ್ದು ಯಾಕೆ ಎಂದು ಬೈದಳು. “ಇದು ಏಳು ಸೂರ್ಯ ಸುತ್ತಿ ಬಂದದ್ದು ಅಜ್ಜೀ, ನಿನ್ನೆ ಪೇಟೆಯಿಂದ ಬಂದದ್ದಲ್ಲ” ಎಂದಳು ಇವಳು.

ವಿಕಾಸ ದಿನಾ ಸಂಜೆ ಬಂದು ತಪ್ಪು ಹುಡುಕುತ್ತಿದ್ದ. ಸಿನಿಮಾದಲ್ಲಿ ರೆಕ್ಕೆ ಇಷ್ಟು ಅಗಲ ಇಲ್ಲ, ಸಿನಿಮಾದಲ್ಲಿ ಬಣ್ಣ ಬೂದಿ, ನೀಲಿಯಲ್ಲ. ಆದರೂ ಬೈಸಿಕೊಂಡು ಬ್ರಷ್ ಹಿಡಿಯುತ್ತಿದ್ದ. ನಿಜವಾದ ಜಗಳವಾದದ್ದು ವೈಜಯಂತಿ ದೋಣಿಯ ಮೈಮೇಲೆ ದೊಡ್ಡ ಅಕ್ಷರದಲ್ಲಿ ‘ರಾವುನಾಕಾ’ ಎಂದು ಬರೆಸಿದ ದಿನ.

ಆ ಶಬ್ದ ಸಿನಿಮಾದ್ದೇ. ಯುದ್ಧದ ನಡುವೆ ತೀವಾಳ ಕಡೆಯವರು ತಮ್ಮ ಆಕಾಶದ ಭಾಷೆಯಲ್ಲಿ ಹಾಗೆ ಕೂಗುತ್ತಾರೆ, ಡಬ್ ಮಾಡಿದವರು ಅದನ್ನು ಹಾಗೇ ಬಿಟ್ಟಿದ್ದರು. ಈಗ ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ ಆಡುವ ಯಾರನ್ನಾದರೂ ಕೇಳಿ, ‘ರಾವು ನಾಕಾ’ ಅಂದರೆ ‘ನಿಲ್ಲಬೇಡ’. ಮೊದಲ ಸಲ ಕೇಳಿದಾಗ ಅವಳು ಚಾಪೆಯಿಂದ ಎದ್ದು ನಿಂತಿದ್ದಳು. ಎಲ್ಲೋ ಏಳು ಸೂರ್ಯರ ಆಚೆ, ಅಷ್ಟು ದೊಡ್ಡ ಯುದ್ಧದಲ್ಲಿ, ತನ್ನ ತವರಿನ ಅಡುಗೆಮನೆಯ ಮಾತು. ಅಂದಿನಿಂದ ತಲೆಮೇಲೆ ಬುಟ್ಟಿ ಭಾರವಾದಾಗ, ಬಸ್ಸು ನಿಲ್ಲಿಸದೆ ಹೋದಾಗ, ಮೊಣಕಾಲು ಕೈಕೊಟ್ಟಾಗ ಅವಳು ಅದನ್ನೇ ಗುನುಗಿಕೊಂಡು ನಡೆದವಳು.

“ವೈಜಯಂತಕ್ಕಾ, ಅದ್ರ ಅರ್ಥ ನಿಲ್ಬೇಡ ಅಂತ ಅಲ್ಲ” ಎಂದ ವಿಕಾಸ. ಅವನ ಮುಖದಲ್ಲಿ ಸಂಕೋಚವಿತ್ತು. “ಆ ಭಾಷೆಗೆ ಪೂರ್ತಿ ಅರ್ಥಕೋಶ ಮಾಡಿದ್ದಾರೆ, ನಾ ಓದಿದ್ದೆ. ಅದ್ರ ಅರ್ಥ ‘ಹಿಂದೆ ಸರೀರಿ’ ಅಂತ.”

“ಸುಳ್ಳು.”

“ಅವ್ರು ಹಾಗೆ ಕೂಗ್ದಾಗೆಲ್ಲ ಹಡಗು ತಿರುಗ್ತದಲ, ನೋಡ್ಲಿಲ್ವಾ?”

ನೋಡಿದ್ದಳು. ಅಷ್ಟು ಸಲ ನೋಡಿಯೂ, ಹಡಗುಗಳು ಇನ್ನೊಂದು ಕಡೆಯಿಂದ ಹೊಡೆಯಲು ತಿರುಗುತ್ತವೆ ಎಂದೇ ತಿಳಿದಿದ್ದಳು. ಅವಳಿಗೆ ಅಳು ಬಂದಂತಾಯಿತು. ಇಷ್ಟು ವರ್ಷ ಯಾವುದನ್ನು ಹಿಡಿದು ಬುಟ್ಟಿ ಹೊತ್ತೆನೋ ಅದು ಓಡಿಹೋಗುವವರ ಕೂಗು. ಬ್ರಷ್ಷನ್ನು ಡಬ್ಬದಲ್ಲಿ ಬಿಟ್ಟು ಒಳಗೆ ಹೋದಳು. ವಿಕಾಸ ಅಂಗಳದಲ್ಲಿ ಪೆದ್ದನಂತೆ ನಿಂತ. ಅಕ್ಷರ ಅಳಿಸಲು ಸೀಮೆಎಣ್ಣೆ ಬಟ್ಟೆಯನ್ನೂ ಹಿಡಿದಿದ್ದ, ಪಾಪ.

ಅವಳು ಸ್ವಲ್ಪ ಹೊತ್ತಿಗೆ ಎರಡು ಲೋಟ ಚಹಾ ಹಿಡಿದು ಹೊರಗೆ ಬಂದಳು. “ಬಟ್ಟೆ ಇಡು ಕೆಳಗೆ” ಎಂದಳು. “ಅವ್ರಿಗೆ ಹಿಂದೆ ಹೋಗ್ಬೇಕಾದ್ರೆ ಹೋಗ್ಲಿ. ನನ್ನ ಕಿವಿಗೆ ಬಿದ್ದದ್ದು ನನ್ನ ಭಾಷೆ. ನಾ ನಡೆದದ್ದೂ ಅದನ್ನ ಕೇಳಿಯೇ. ಈಗ ಅರ್ಥ ಬದ್ಲಾಯ್ತು ಅಂತ ನಾ ನಡೆದ ದಾರಿ ವಾಪಸ್ ಹೋಗ್ತದ್ಯೇ?”

“ಮತ್ತೆ ಸಿನಿಮಾ ಮಾಡ್ದವ್ರು...”

“ಅವ್ರು ಮಾಡಿ ಬಿಟ್ರಲ, ಇನ್ನು ಅದು ನಂದೂ ಹೌದು. ಚಹಾ ಕುಡಿ.”

ವಿಕಾಸ ಚಹಾ ಕುಡಿದ. ಆಮೇಲೆ ತಾನೇ ಬ್ರಷ್ ಎತ್ತಿಕೊಂಡು, ಮಾಸಿದ್ದ ‘ವು’ ಅಕ್ಷರದ ಕೊಂಬು ತಿದ್ದಿದ.

ಹೋಳಿಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಮೈದಾನದ ದಾರಿ ಸೋಗುಗಳಿಂದ ತುಂಬಿತ್ತು. ವೈಜಯಂತಿ ಕಿಶನನ ಪ್ಯಾಂಟು, ಮಳೆಗಾಲದ ಪ್ಲಾಸ್ಟಿಕ್ ಕೋಟು, ಮುಖಕ್ಕೆ ಅಲ್ಯುಮಿನಿಯಂ ಹಾಳೆ ಅಂಟಿಸಿದ ಹೆಲ್ಮೆಟ್ಟು ಹಾಕಿಕೊಂಡು ದೋಣಿಯಲ್ಲಿ ನಿಂತಿದ್ದಳು. ವಿಕಾಸ ಮತ್ತು ಮಂಡಿನೋವಿನ ಮುದುಕರು ಗಾಡಿ ತಳ್ಳುತ್ತಿದ್ದರು, ಕಿಶನ ಯಾರ ಕಣ್ಣಿಗೂ ಬೀಳದಂತೆ ಮನೆಯಲ್ಲೇ ಉಳಿದಿದ್ದ. ಜನ ಮುಗಿಬಿದ್ದು ನೋಡಿದರು. ಗಾಳಿಗೆ ಫ್ಯಾನು ತಿರುಗಿದಾಗ ಮಕ್ಕಳು ಕೇಕೆ ಹಾಕಿದರು. ಹಡಗು ನಿಜವಾಗಿ ಎಲ್ಲೆಲ್ಲೋ ಹೋಗಿ ಬಂದಂತೆ ಕಾಣುತ್ತಿತ್ತು. ಬೇರೆ ಕೇರಿಯವರು ಹೊಸ ಬಟ್ಟೆ, ಹೊಸ ಬಣ್ಣದಲ್ಲಿ ಬಂದವರು ಅದರ ತಗ್ಗುಗಳನ್ನು ಮುಟ್ಟಿ ಮುಟ್ಟಿ ನೋಡಿದರು.

ಮೈದಾನದ ಬಾಯಲ್ಲಿ ಮಾದೇವಣ್ಣ ಬಿಳಿ ಮುಂಡಾಸು ಸುತ್ತಿ ನಿಂತಿದ್ದ. ಜಟ್ಟು ಅಜ್ಜ ಅವನ ಕಿವಿಯಲ್ಲಿ ಹೆಸರು ಹೇಳಿದ. ಮಾದೇವಣ್ಣ ದೋಣಿಯನ್ನು ಸುತ್ತು ಬಂದು, ತಲೆಯಾಡಿಸಿ, ಸೇರಿದವರಿಗೆಲ್ಲ ಕೇಳುವಂತೆ ಹೇಳಿದ. “ನೋಡಿ, ಎರಡು ವರ್ಷ ಸತ್ತು ಬಿದ್ದ ಕೇರಿ. ಗಂಡಸ್ರು ಮನಸ್ಸು ಮಾಡಿದ್ರೆ ಎಂತ ಬೇಕಾದ್ರೂ ಆಗ್ತದೆ. ಕಿಶನಾ, ನಿನ್ನ ಅಪ್ಪನ ಹೆಸರು ಉಳಿಸ್ದೆ.”

ಚಪ್ಪಾಳೆ ಬಿದ್ದಿತು. ಹೆಲ್ಮೆಟ್ಟಿನ ಸಂದಿಯಿಂದ ವೈಜಯಂತಿಗೆ ಮಾನಸಾ ಕಂಡಳು. ಬೆರಳ ತುದಿಯಲ್ಲಿ ಇನ್ನೂ ಒಣಗಿದ ಗೋಂದು, ಅವಳೂ ಚಪ್ಪಾಳೆ ತಟ್ಟುತ್ತಿದ್ದಳು, ಮುಖ ಮಾತ್ರ ಬಾಡಿತ್ತು. ಒಪ್ಪಿಕೊಂಡ ಮಾತು ವೈಜಯಂತಿಗೆ ನೆನಪಿತ್ತು. ಪಾಳಿ ಹೋದರೆ ಕೇರಿ ತನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಗಂಡಸರು ಮನಸ್ಸು ಮಾಡಿದರೆ ಎಂಬ ಮಾತನ್ನು ನುಂಗಲು ಅವಳಿಂದ ಆಗಲಿಲ್ಲ. ಹೆಲ್ಮೆಟ್ಟು ತೆಗೆದು ದೋಣಿಯೊಳಗೆ ಇಟ್ಟಳು.

ಚಪ್ಪಾಳೆ ನಿಂತಿತು. ಮಾದೇವಣ್ಣ ಜಟ್ಟು ಅಜ್ಜನ ಕಡೆ ತಿರುಗಿದ. “ಇದು ಎಂತ ಕೇಡು ಜಟ್ಟು? ಹೆಂಗಸಿನ ಸೋಗು ಎಣಿಕೆಗೆ ಇಲ್ಲ. ನಿಮ್ಮ ಪಾಳಿ ಹೋಯ್ತು. ಗಾಡಿ ಬದಿಗೆ ತೆಗೀರಿ.”

“ಹಾಕ್ಕೋ ತಂಗೀ, ಹಾಕ್ಕೋ” ಎಂದು ಜಟ್ಟು ಅಜ್ಜ ಬೇಡಿದ.

ವೈಜಯಂತಿ ದೋಣಿಯಿಂದ ಇಳಿದಳು. ದಾರಿ ಬದಿಯ ಒಂದು ಕಲ್ಲನ್ನು ಎತ್ತಿ ತಂದು ಗಾಡಿಯ ಗಾಲಿಗೆ ಕೊಟ್ಟಳು, ಇನ್ನೊಂದನ್ನು ತಂದು ಮತ್ತೊಂದು ಗಾಲಿಗೆ ಕೊಟ್ಟಳು. ದೋಣಿ ಮೈದಾನದ ಬಾಯಿಗೆ ಅಡ್ಡ ಕೂತಿತು. ಆಮೇಲೆ ತಾನೂ ಅದರ ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟಳು.

“ಬಾಂಗಡೆ ನಂದಾದ್ರೆ ಅದನ್ನ ನನ್ನ ಹೆಸರಲ್ಲೇ ಮಾರೂದು” ಎಂದಳು. “ಇದನ್ನ ಮಾಡಿದ್ದು ನಾನು. ನನ್ನ ಹೆಸರು ಕೂಗಿ, ಇದು ಒಳಗೆ ಹೋಗ್ತದೆ. ಕೂಗೂದಿಲ್ಲಾದ್ರೆ ಇಲ್ಲೇ ಇರ್ತದೆ.”

ಮಾದೇವಣ್ಣ ಕೆಂಪಗಾದ. ಎತ್ತಿ ಪಕ್ಕಕ್ಕೆ ಇಡಿ ಎಂದು ಹುಡುಗರಿಗೆ ಹೇಳಿದ. ಹುಡುಗರು ಮುಂದೆ ಬರುವುದಕ್ಕೆ ಮೊದಲೇ ಮೀನುಪೇಟೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಗಾಡಿಯ ಸುತ್ತ ಕೂತರು, ಪೇಟೆಯಲ್ಲಿ ಕೂತಂತೆಯೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಇವರನ್ನು ಮುಟ್ಟುವ ಧೈರ್ಯ ಅಂಕೋಲೆಯಲ್ಲಿ ಯಾವ ಹುಡುಗನಿಗೂ ಇರಲಿಲ್ಲ. ಎಲ್ಲರೂ ಅವರ ಹತ್ತಿರ ಮೀನು ತಿಂದು ಬೆಳೆದವರು. ಹಿಂದೆ ಉಳಿದ ಕೇರಿಗಳ ಸೋಗುಗಳು ದಾರಿಯುದ್ದಕ್ಕೂ ಜಮಾಯಿಸಿದವು. ಕಂಬಳಿ ಹೊದ್ದ ಕರಡಿಗೆ ಸೆಕೆ ತಡೆಯಲಿಲ್ಲ.

“ಮಾದೇವಣ್ಣಾ, ಒಳಗೆ ಬೆಂದು ಹೋಗ್ತಾ ಇದ್ದೆ” ಎಂದು ಕರಡಿ ಕೂಗಿತು. “ಒಂದು ಹೆಸರಲ್ವಾ, ಕೂಗಿ ಮುಗ್ಸು.”

ಜನ ಗೊಳ್ಳೆಂದು ನಕ್ಕರು. ಜಟ್ಟು ಅಜ್ಜ ಆಗ ಮಾಡಿದ್ದನ್ನು ಯಾರೂ ಎಣಿಸಿರಲಿಲ್ಲ. ಮುದುಕ ಕೋಲು ಊರಿಕೊಂಡು ಬಂದು, ವೈಜಯಂತಿಯ ಪಕ್ಕ ದೋಣಿಯ ಅಂಚಿಗೆ ಒರಗಿ ನಿಂತ. “ಪಾಳಿ ಕೇರಿದು ಮಾದೇವಾ. ಕೇರಿ ಅಂದ್ರೆ ಇವ್ಳೂ ಹೌದು. ಗಂಡಸ್ರು ಬಿಟ್ಟದ್ದನ್ನ ಇವ್ಳು ಎತ್ತಿದ್ಲು. ನಿನ್ನ ಬಾಯಲ್ಲಿ ಸುಳ್ಳು ಹೆಸರು ಹೇಳ್ಸಿದ್ದು ನಾನೇ. ಈಗ ನಿಜ ಹೇಳ್ತೆ, ಕೂಗು.”

ಮಾದೇವಣ್ಣ ಆಚೆ ಈಚೆ ನೋಡಿದ. ಅವನ ಕಡೆಗೆ ಯಾರೂ ಬರಲಿಲ್ಲ. ಕೇರಿಯ ಹೆಸರನ್ನು ಕೂಗಿದ, ಆಮೇಲೆ ದನಿ ಇಳಿಸಿ ಗಡ್ಡದೊಳಗೆ ಏನೋ ಗೊಣಗಿದ.

“ಕೇಳ್ಲಿಲ್ಲ” ಎಂದಳು ವೈಜಯಂತಿ.

ಅವನು ಹಲ್ಲು ಕಚ್ಚಿಕೊಂಡು ಗಟ್ಟಿಯಾಗಿ ಕೂಗಿದ. “ಕುಪ್ಪನ ಹೆಂಡ್ತಿ.”

ಗುಮಟೆಯವನು ಕೈ ಎತ್ತಿದ. ವೈಜಯಂತಿ ಅವನಿಗೆ ನಿಲ್ಲು ಎಂದು ಸನ್ನೆ ಮಾಡಿದಳು. ಗಾಲಿಗೆ ಕೊಟ್ಟ ಕಲ್ಲು ಹಾಗೇ ಇತ್ತು.

“ಕುಪ್ಪ ಸಮುದ್ರದಲ್ಲಿದ್ದಾರೆ, ಮಾದೇವಣ್ಣಾ” ಎಂದಳು. “ಇಲ್ಲಿ ಇರೂದು ನಾನು.”

ಮಾದೇವಣ್ಣ ಮುಂಡಾಸು ಸರಿಮಾಡಿಕೊಂಡ, ಉಸಿರು ಎಳೆದುಕೊಂಡ, ಊರಿನ ಕೊನೆಯ ಮನೆಗೂ ಮುಟ್ಟುವ ಆ ಹಳೆಯ ದನಿಯಲ್ಲಿ ಕೂಗಿದ. “ವೈಜಯಂತಿ.”

ಅವಳು ಇಳಿದು ಕಲ್ಲು ತೆಗೆದಳು.